ನನ್ನ ಪಾಲಿಗೆ ಬಂದ ಮಂಡಿನೋವು

ನನ್ನ ಎಡಮಂಡಿ ಕೆಟ್ಟುಹೋಗಿದೆ ಎಂಬ ಸುದ್ದಿ ನನಗೆ ಗೊತ್ತಾದದ್ದು ರೇಣುಕಾ ಹೇಳಿದ ಮೇಲೆ.

ಸಿಂಗಪುರದ ಚೋವಾ ಚು ಕಾಂಗ್ ಸ್ಟೇಷನ್ ಪಕ್ಕದ ಸೂಪರ್‌ಮಾರ್ಕೆಟ್ಟಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೆಳಗಿನ ಹಲಗೆಯಿಂದ ಬೆಂಡೆಕಾಯಿ ಆರಿಸುತ್ತಿದ್ದೆ. ಯಾರೋ ಹಿಂದಿನಿಂದ ರಟ್ಟೆ ಹಿಡಿದು ಎತ್ತಿದರು. ತಿರುಗಿದರೆ ರೇಣುಕಾ, ನಮ್ಮ ಸ್ನೇಹಿತರಾದ ಅಶ್ವತ್ಥನಾರಾಯಣರ ಹೆಂಡತಿ.

“ಅಯ್ಯೋ ಅರುಂಧತಿ, ಹಾಗೆಲ್ಲ ಕೂತ್ಕೋಬಾರ್ದು ರೀ! ಮಂಡಿ ಇನ್ನೂ ಹಾಳಾಗತ್ತೆ.”

“ಯಾರ ಮಂಡಿ?”

“ಯಾರದ್ದು ಅಂದ್ರೆ? ನಿಮ್ದೇ. ನಿಮ್ಮ ಯಜಮಾನ್ರು ಸೇತು ಎಲ್ಲಾ ಹೇಳಿದ್ರು. ಬೆಟ್ಟ ಇಳಿಯೋವಾಗ ಲಾಕ್ ಆಗ್ಹೋಯ್ತಂತೆ, ಕುದುರೆ ಮೇಲೆ ಕೂರಿಸ್ಕೊಂಡು ಬಂದ್ರಂತೆ. ಇದರಲ್ಲಿ ನಾಚ್ಕೆ ಏನು, ನಮ್ಮ ವಯಸ್ಸಿಗೆ ಇದ್ದಿದ್ದೇ.” ಅವಳು ಕೈಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಬುಟ್ಟಿಯೊಳಗೆ ಇಟ್ಟಳು. “ನಿಮಗೇ ಅಂತ ಲಿಟಲ್ ಇಂಡಿಯಾದಿಂದ ತಂದೆ. ಮಹಾನಾರಾಯಣ ತೈಲ. ಬೆಚ್ಚಗೆ ಮಾಡಿ ಹಚ್ಚಿ. ಆಮೇಲೆ ಮುಂದಿನ ವರ್ಷದ ನೇಪಾಳ ಟ್ರೆಕ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ನಿಮ್ಮ ಹೆಸರು ತೆಗ್ಸಿದಾರೆ ಸೇತು. ಅವರೆಲ್ಲ ಹತ್ತಲಿ, ನಾವಿಬ್ರೂ ಕೆಳಗೆ ಹೋಟೆಲಲ್ಲಿ ಕೂತು ಟೀ ಕುಡಿಯೋಣ.”

ನಾನು ಬೆಂಡೆಕಾಯಿ ಅಲ್ಲೇ ಬಿಟ್ಟೆ. ಎಣ್ಣೆ ಬಾಟಲಿ ಕೈಯಲ್ಲಿ ಹಿಡಿದು ಮನೆಯವರೆಗೆ ನಡೆದೆ. ಬಸ್ಸು ಪಕ್ಕದಲ್ಲೇ ಹೋಯಿತು, ಹತ್ತಲಿಲ್ಲ. ಆ ಹೊತ್ತಿನಲ್ಲಿ ಕೂತಿದ್ದರೆ ಸೀಟು ಸುಟ್ಟುಹೋಗುತ್ತಿತ್ತು.

ನಾನು ಮನೆಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವಳು. ಅರುಂಧತಿ ಆಂಟಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಮಕ್ಕಳೂ ಹೇಳುತ್ತವೆ, ಅವರ ತಾಯಂದಿರೂ ಹೇಳುತ್ತಾರೆ. ಹೇಳಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮಜ್ಜಿ ಹೇಳಿದಾಗೆಲ್ಲ ನಾನು ನಗುತ್ತಿದ್ದೆ. ಆ ಎಮ್ಮೆಗೆ ಎಷ್ಟು ಉರಿದಿರಬೇಕು ಎಂದು ಅವತ್ತು ಗೊತ್ತಾಯಿತು.

ಇದೆಲ್ಲ ಶುರುವಾದದ್ದು ಮೆಟ್ಟಿಲಿನಿಂದ. ಸಿಂಗಪುರದಲ್ಲಿ ಬೆಟ್ಟವಿಲ್ಲ. ಬುಕಿತ್ ತಿಮಾ ಎಂಬುದೊಂದಿದೆ, ಏದುಸಿರು ಬರುವಷ್ಟರಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಹಿಮಾಲಯಕ್ಕೆ ಹೊರಟವರು ಇಲ್ಲಿ ಎಚ್‌ಡಿಬಿ ಬ್ಲಾಕುಗಳ, ಅಂದರೆ ಸರ್ಕಾರಿ ವಸತಿ ಕಟ್ಟಡಗಳ, ಮೆಟ್ಟಿಲು ಹತ್ತಿ ಅಭ್ಯಾಸ ಮಾಡುತ್ತಾರೆ. ನಮ್ಮ ಗುಂಪು ಹಿಮಾಚಲದ ಒಂದು ಚಾರಣಕ್ಕೆ ಗೈಡ್ ಸಮೇತ ಬುಕ್ ಮಾಡಿತ್ತು. ಅವರವರ ಬ್ಯಾಗು ಅವರವರೇ ಹೊತ್ತು, ವಾರವಿಡೀ ಟೆಂಟುಗಳಲ್ಲಿ ಮಲಗುತ್ತ ಹೋಗಿ, ಒಂದು ಎತ್ತರದ ಪಾಸ್, ಅಂದರೆ ಎರಡು ಶಿಖರಗಳ ನಡುವಿನ ಕಂಡಿ, ಅದನ್ನು ದಾಟಿ ಆಚೆಯ ಕಣಿವೆಗೆ ಇಳಿಯಬೇಕು. ಅಭ್ಯಾಸಕ್ಕೆ ನಾವು ಆರಿಸಿಕೊಂಡದ್ದು ಅಶ್ವತ್ಥನಾರಾಯಣರ ಬ್ಲಾಕನ್ನು. ಅವರ ಮನೆ ಹದಿನಾರನೇ ಮಹಡಿಯಲ್ಲಿ. ಪ್ರತಿ ಶನಿವಾರ ಬೆಳಿಗ್ಗೆ ಬೆನ್ನ ಮೇಲೆ ಬ್ಯಾಗು, ಬ್ಯಾಗಿನಲ್ಲಿ ಸೋನಾಮಸೂರಿ ಅಕ್ಕಿಯ ಚೀಲ, ತೊಗರಿಬೇಳೆ ಪ್ಯಾಕೆಟ್ಟು, ನೀರು ತುಂಬಿದ ಬಾಟಲಿಗಳು. ಹೆಜ್ಜೆ ಹೆಜ್ಜೆಗೂ ದಿನಸಿ ಅಂಗಡಿ ಕುಲುಕಿದ ಹಾಗೆ ಸದ್ದು.

ಗುಂಪಿಗೆ ಕ್ಯಾಪ್ಟನ್ ನನ್ನ ಗಂಡ ಸೇತುರಾಮ. ಯಾರೂ ಆರಿಸಲಿಲ್ಲ, ತಾವೇ ಆದರು. ಜುರಾಂಗ್ ಐಲ್ಯಾಂಡಿನ ಒಂದು ಪ್ಲಾಂಟಿನಲ್ಲಿ ಸೇಫ್ಟಿ ಎಂಜಿನಿಯರು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದಾಗಿನಿಂದ ನಿಯಮ ಹೇಳುವುದೇ ಕೆಲಸ, ಮನೆಗೆ ಬಂದ ಮೇಲೂ ಅದೇ ಚಾಳಿ. ಚಾರಣದ ಅಭ್ಯಾಸಕ್ಕೆ ಅವರು ಮಾಡಿದ ಮೊದಲ ನಿಯಮ: ಹತ್ತುವುದು ಮೆಟ್ಟಿಲಲ್ಲಿ, ಇಳಿಯುವುದು ಲಿಫ್ಟಿನಲ್ಲಿ.

“ಮೆಟ್ಲು ಇಳಿದ್ರೆ ಮಂಡಿ ಜಾಯಿಂಟ್ ಸವೆಯತ್ತೆ. ಸ್ಟ್ರೆಂತ್ ಬರೋದು ಹತ್ತೋದ್ರಲ್ಲಿ. ಮಂಡೀನ ಬೆಟ್ಟಕ್ಕೆ ಅಂತ ಸೇವ್ ಮಾಡ್ಕೋಬೇಕು” ಎಂದು ಬ್ಲಾಕಿನ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್ಕಿನಲ್ಲಿ ಸಾಲಾಗಿ ನಿಲ್ಲಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಹೊತ್ತು ಹತ್ತುವುದು, ಲಿಫ್ಟಿನಲ್ಲಿ ಇಳಿಯುವುದು, ಮತ್ತೆ ಹತ್ತುವುದು. ಬೆಟ್ಟಕ್ಕೂ ಕೆಳಗಿಳಿಯಲು ಲಿಫ್ಟು ಇರುತ್ತದೇನೋ ಎಂಬಂತೆ.

ಒಂದೆರಡು ವಾರದಲ್ಲಿ ಬ್ಲಾಕಿನವರು ದೂರು ಕೊಟ್ಟರು. ಬೆವರು ನಾರುವ ಆರು ಜನ, ಆರು ಬ್ಯಾಗು. ಮುದುಕರಿಗೂ ಮಕ್ಕಳ ಗಾಡಿಗೂ ಲಿಫ್ಟಿನಲ್ಲಿ ಜಾಗವಿಲ್ಲ. ಆಗ ಇವರು ನನ್ನ ಕಡೆ ತಿರುಗಿದರು.

“ಅರು, ನೀನು ನಡ್ಕೊಂಡು ಇಳ್ದುಬಿಡು. ಒಬ್ರಾದ್ರೂ ಕಡಿಮೆ ಆಗ್ಲಿ.”

“ನನ್ನ ಮಂಡಿ ಸವೆಯಲ್ವಾ?”

“ನಿನಗೇನೇ? ನೀನು ಪಾಸ್ ದಾಟಬೇಕಾ? ಅದರ ಕೆಳಗಿನ ಕ್ಯಾಂಪ್‌ವರೆಗೂ ಬಂದ್ರೆ ಸಾಕು ನೀನು.”

ಎಲ್ಲರೂ ನಕ್ಕರು. ಭಾನುವಾರ ಹಾಸ್ಟೆಲಿನಿಂದ ಊಟಕ್ಕೆ ಬಂದ ಮಗಳು ಇಶಿತಾಗೆ ಇದನ್ನು ಹೇಳಿದರೆ ಅವಳೂ ನಕ್ಕಳು. “ಅಮ್ಮ, ಅಪ್ಪ ಕರೆಕ್ಟ್ ಲಾ. ಪಾಸ್ ಎಲ್ಲಾ ನಿಂಗೆ ಕನ್ಫರ್ಮ್ ಆಗಲ್ಲ.” ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿ, ಇಲ್ಲಿನವರ ಹಾಗೆ ಮಾತಿಗೊಂದು ‘ಲಾ’. ಅವಳ ಕಣ್ಣಿನಲ್ಲಿ ಅಮ್ಮ ಎಂದರೆ ಡಬ್ಬಿ ಕಟ್ಟುವವಳು, ಮನೆಲೆಕ್ಕ ತಿದ್ದುವವಳು, ಎಸ್ಕಲೇಟರಿನಲ್ಲಿ ಕೈಹಿಡಿ ಬಿಡದವಳು. ಆ ಕ್ಷಣವೇ ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಪಾಸ್ ದಾಟುತ್ತೇನೆ, ನನ್ನ ಬ್ಯಾಗು ನಾನೇ ಹೊತ್ತು ದಾಟುತ್ತೇನೆ, ಬಂದು ಇವಳೆದುರು ಕೂತು ಹೇಳುತ್ತೇನೆ.

ಅವರು ಲಿಫ್ಟಿನಲ್ಲಿ ಇಳಿದರು, ನಾನು ಮೆಟ್ಟಿಲಲ್ಲಿ ಇಳಿದೆ. ಮೊದಮೊದಲು ತೊಡೆ ಗಡಗಡ ನಡುಗುತ್ತಿತ್ತು, ಬೆರಳು ಶೂಗಳ ತುದಿಗೆ ಒತ್ತಿ ಉಗುರು ಕಪ್ಪಾಯಿತು. ಆಮೇಲೆ ಕಾಲು ತಾನಾಗಿ ಕಲಿಯಿತು. ಮಂಡಿ ಸ್ವಲ್ಪ ಬಗ್ಗಿಸಿಕೊಂಡು, ಭಾರ ಸೊಂಟಕ್ಕೆ ಬಿಟ್ಟು, ಸದ್ದಿಲ್ಲದೆ ಇಳಿಯುವುದು. ನಾನು ಕೆಳಗೆ ಬರುವಷ್ಟರಲ್ಲಿ ಅವರೆಲ್ಲ ನೀರು ಕುಡಿದು ಬೆವರು ಒರೆಸಿಕೊಂಡು ನಿಂತಿರುತ್ತಿದ್ದರು. “ಬೇಗ ಬಾರೇ” ಎನ್ನುತ್ತಿದ್ದರು ಕ್ಯಾಪ್ಟನ್.

ಹಿಮಾಚಲದ ಬಗ್ಗೆ ಹೇಳಲು ಕೂತರೆ ಸಿಟ್ಟು ಇಳಿದುಹೋಗುತ್ತದೆ ಎಂದು ಭಯ, ಅದಕ್ಕೇ ಚಿಕ್ಕದಾಗಿ ಹೇಳುತ್ತೇನೆ. ದೇವದಾರು ಕಾಡು ಮುಗಿದು ಹುಲ್ಲುಗಾವಲು ಬಂತು, ಹುಲ್ಲು ಮುಗಿದು ಕಲ್ಲು ಬಂತು, ಕಲ್ಲಿನ ಮೇಲೆ ಹಿಮ ಬಂತು. ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ಹೋಗುವುದು, ಬಿಸಿ ಖಿಚಡಿ ತಿನ್ನುವುದು, ಸ್ಲೀಪಿಂಗ್ ಬ್ಯಾಗಿನಲ್ಲಿ ಸಾಕ್ಸ್ ಸಮೇತ ತೂರಿಕೊಳ್ಳುವುದು. ಮೇಲೆ ಹೋದಂತೆ ಉಸಿರು ಸಾಲದು. ಶೂಗಳ ಲೇಸು ಕಟ್ಟಿದರೂ ಎದೆ ಬಡಿದುಕೊಳ್ಳುತ್ತದೆ. ಪಾಸಿನ ಕೆಳಗಿನ ಕ್ಯಾಂಪಿನಲ್ಲಿ ಗೈಡ್ ಪ್ರೇಮ್‌ಸಿಂಗ್ ಎಲ್ಲರನ್ನೂ ನೋಡಿ, ಮ್ಯಾಡಮ್ ಆರಾಮಾಗಿ ದಾಟುತ್ತಾರೆ ಎಂದ. ಇವರು ಮುಖ ಹುಳ್ಳಗೆ ಮಾಡಿಕೊಂಡರು. ಮರುದಿನ ಬೆಳಕು ಹರಿಯುವ ಮುಂಚೆ ಹೊರಟು ಪಾಸ್ ಮುಟ್ಟಿದೆವು. ಆಚೆ ಬದಿಯ ಕಣಿವೆ ಒಮ್ಮೆಗೇ ಕಂಡಿತು. ಯಾರೋ ಚಿಕ್ಕಿ ಹಂಚಿದರು. ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತು, ಅದು ಗಾಳಿಯ ನೀರಷ್ಟೇ ಅಲ್ಲ. ಜನ್ಮದಲ್ಲಿ ಅಷ್ಟು ಖುಷಿ ನನಗೆ ಆಗಿಲ್ಲ.

ಇಳಿಯಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಇವರ ಎಡಮಂಡಿ ಕೈಕೊಟ್ಟಿತು, ಆಮೇಲೆ ಬಲದ್ದೂ. ಸಡಿಲ ಕಲ್ಲುಗಳ ಇಳಿಜಾರು. ಹತ್ತುವಾಗ ಎಲ್ಲರಿಗಿಂತ ಮುಂದಿದ್ದವರು ಈಗ ಒಂದು ಹೆಜ್ಜೆ ಇಡಲು ಎರಡು ಕೈಯಲ್ಲೂ ಬಂಡೆ ತಬ್ಬಿಕೊಳ್ಳುತ್ತಿದ್ದರು. ಉಳಿದವರಿಗೂ ಮಂಡಿ ನೋಯುತ್ತಿತ್ತು, ಆದರೂ ಕುಂಟುತ್ತ ಬೈಯುತ್ತ ಇದು ಕಾಣದಷ್ಟು ಮುಂದೆ ಇಳಿದುಬಿಟ್ಟಿದ್ದರು. ಪ್ರೇಮ್‌ಸಿಂಗ್ ತನ್ನ ಸಹಾಯಕನನ್ನು ಮುಂದೆ ಓಡಿಸಿ, ಯಾರಿಗೆಂದು ಹೇಳದೆ, ಕೆಳಗಿನಿಂದ ಒಂದು ಕುದುರೆ ತರಿಸಲು ಹೇಳಿದ. ತಾನು ಇವರ ಸೊಂಟದ ಬೆಲ್ಟು ಹಿಡಿದುಕೊಂಡ. ಇವರ ಬ್ಯಾಗು ನಾನು ತೆಗೆದುಕೊಂಡೆ. ಬೆನ್ನಿಗೆ ಒಂದು, ಎದೆಗೆ ಒಂದು. ಮಳೆಯೂ ಆಲಿಕಲ್ಲೂ ಸೇರಿ ಹೊಡೆಯತೊಡಗಿತು. ಜಾರಿ ಬಿದ್ದು ಇವರ ನೀಲಿ ಪಾಂಚೋ ಮಳೆಯಂಗಿ ಹರಿದು ಚಿಂದಿಯಾಗಿತ್ತು, ಮೈ ನಡುಗುತ್ತಿತ್ತು. ನನ್ನ ಗುಲಾಬಿ ಪಾಂಚೋ ಬಿಚ್ಚಿ ನಾನೇ ಇವರಿಗೆ ತೊಡಿಸಿ, ಟೋಪಿ ಎಳೆದು ದಾರ ಕಟ್ಟಿ, ಹರಿದ ನೀಲಿಯನ್ನು ನಾನು ಹಾಕಿಕೊಂಡೆ.

“ಅರು, ನಿಲ್ಲು” ಎನ್ನುತ್ತಿದ್ದರು ಪ್ರತಿ ತಿರುವಿನಲ್ಲೂ. “ಬಿಟ್ಟು ಹೋಗಬೇಡ ಕಣೇ.”

ಪ್ರತಿ ತಿರುವಿನಲ್ಲೂ ನಿಂತೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ನಿಂತೆ. ಬಂಡೆ ಮುಗಿದು ಕಾಲುದಾರಿ ಸಿಕ್ಕ ಜಾಗಕ್ಕೆ ಕುದುರೆ ಬಂತು. ಇವರನ್ನು ಅದರ ಮೇಲೆ ಕೂರಿಸಿ, ನಾನು ಎರಡೂ ಬ್ಯಾಗು ಹೊತ್ತು ಪಕ್ಕದಲ್ಲಿ ನಡೆದೆ. ಉಳಿದವರೆಲ್ಲ ಟೆಂಟು ಸೇರಿದ್ದರು, ಕ್ಯಾಂಪಿನ ಅಂಚಿನಲ್ಲಿ ಅಶ್ವತ್ಥನಾರಾಯಣರೊಬ್ಬರೇ ನಿಂತು ದೂರದಿಂದಲೇ ಒಂದು ಫೋಟೋ ತೆಗೆದರು, ಆಮೇಲೆ ಓಡಿ ಬಂದು ಇವರನ್ನು ಇಳಿಸಿಕೊಂಡರು. ನನ್ನ ಮುಖ, ಇವರ ಮುಖ, ಎರಡನ್ನೂ ಅವರೊಬ್ಬರೇ ಹತ್ತಿರದಿಂದ ಕಂಡಿದ್ದಾರೆ. ಇದನ್ನು ನೆನಪಿಟ್ಟುಕೊಳ್ಳಿ.

ಟೆಂಟಿನೊಳಗೆ ಮಂಡಿಗೆ ಬಿಸಿನೀರಿನ ಬಾಟಲಿ ಒತ್ತುತ್ತಿದ್ದಾಗ ಇವರು ನನ್ನ ಕೈ ಹಿಡಿದುಕೊಂಡರು. “ಅರು, ಸಿಂಗಪುರಕ್ಕೆ ಹೋದ್ಮೇಲೆ ಇದನ್ನ ಯಾರಿಗೂ ಹೇಳಬೇಡ. ಇಶಿತಾಗೂ ಬೇಡ. ಅಷ್ಟು ಜನಕ್ಕೆ ಟ್ರೈನಿಂಗ್ ಕೊಟ್ಟೋನು ನಾನು. ಪ್ರಾಮಿಸ್ ಮಾಡು.” ಕಣ್ಣು ಕೆಂಪಾಗಿತ್ತು. ಇಪ್ಪತ್ತು ಚಿಲ್ಲರೆ ವರ್ಷ ಜೊತೆ ಬಾಳಿದ ಗಂಡ, ನೋವಿನಲ್ಲಿದ್ದಾರೆ. ಯಾರಿಗೂ ಒಂದಕ್ಷರ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆ ಮಾತನ್ನೇ ಇವರು ಬಂಡವಾಳ ಮಾಡಿಕೊಂಡಿದ್ದರು.

ಅವತ್ತು ಸಂಜೆ ಕಂಪನಿ ಬಸ್ಸಿನಿಂದ ಇಳಿದು ಬಂದವರ ಮುಂದೆ ಎಣ್ಣೆ ಬಾಟಲಿ ಇಟ್ಟೆ. ಬಾಟಲಿ ನೋಡಿದರು, ನನ್ನ ನೋಡಿದರು, ಶೂ ಬಿಚ್ಚಲು ಕೂತರು. ಚಾರಣದಿಂದ ಬಂದ ಮೇಲೆ ಮನೆಯಲ್ಲೂ ಫುಲ್ ಪ್ಯಾಂಟು. ವರ್ಷವಿಡೀ ಚಡ್ಡಿಯಲ್ಲೇ ಓಡಾಡುತ್ತಿದ್ದ ಮನುಷ್ಯ ಈ ಸೆಕೆಯಲ್ಲಿ ಫುಲ್ ಪ್ಯಾಂಟು ಏಕೆಂದರೆ ಒಳಗೆ ಎರಡು ಮಂಡಿಗೂ ಕಟ್ಟಿಕೊಂಡ ನೀ-ಕ್ಯಾಪು. ಸಮತಟ್ಟಿನಲ್ಲಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಮೆಟ್ಟಿಲು ಕಂಡರೆ ಮಾತ್ರ ಫೋನ್ ಬಂದವರಂತೆ ಪಕ್ಕಕ್ಕೆ ಸರಿದು ಲಿಫ್ಟು ಹುಡುಕುತ್ತಾರೆ.

“ರೇಣುಕಾ ಕೊಟ್ಳು. ನನ್ನ ಮಂಡಿಗಂತೆ.”

“ಓ, ಅದಾ. ಅದು ಹಾಗೆ ಮಾತು ಬಂತು.”

“ಹೇಗೆ ಬಂತು?”

“ಅಶ್ವತ್ಥ್ ಆ ಫೋಟೋ ಗ್ರೂಪಲ್ಲಿ ಹಾಕಿದ್ರು. ಪಿಂಕ್ ಪಾಂಚೋ ನೋಡಿ ಎಲ್ಲಾರೂ ಅದು ನೀನೇ ಅಂದ್ಕೊಂಡ್ರು. ನಾನು ಕರೆಕ್ಟ್ ಮಾಡಕ್ಕೆ ಹೋಗ್ಲಿಲ್ಲ ಅಷ್ಟೇ.”

“ಅಷ್ಟೇ? ಲಾಕ್ ಆಯ್ತು ಅಂತ ಹೇಳಿದ್ದು ಫೋಟೋನಾ? ನನ್ನ ಹೆಸರು ತೆಗ್ಸಿದ್ದು ಫೋಟೋನಾ?”

“ಮೆಲ್ಲಗೆ ಮಾತಾಡು. ನೋಡು, ನಿನಗೇನು ನಷ್ಟ ಹೇಳು? ಹೆಂಗಸು ಕುದುರೆ ಮೇಲೆ ಬಂದ್ರೆ ಯಾರೂ ಏನೂ ಅಂದ್ಕೊಳಲ್ಲ. ನೇಪಾಳಕ್ಕೂ ನನ್ನನ್ನೇ ಕ್ಯಾಪ್ಟನ್ ಮಾಡಿದಾರೆ. ನನ್ನ ಮರ್ಯಾದೆ ಪ್ರಶ್ನೆ ಕಣೇ.”

ನಿನಗೇನು ನಷ್ಟ! ಪಿತ್ತ ನೆತ್ತಿಗೇರಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಬಿದ್ದದ್ದು ತಾನಲ್ಲ, ಹೆಂಡತಿ ಎನ್ನುವ ಜಟ್ಟಿಯನ್ನು ಮೊದಲ ಸಲ ನೋಡುತ್ತಿದ್ದೆ. ಅಷ್ಟರಲ್ಲಿ ಫೋನ್ ಗುಣುಗಿತು. ಇಶಿತಾ.

“ಅಮ್ಮ, ನಿನ್ನ ಮಂಡಿ ಈಗ ಹೇಗಿದೆ? ಅಪ್ಪ ಹೇಳಿದ್ರು. ವೈ ಯೂ ನೆವರ್ ಟೆಲ್ ಮಿ? ನಾನು ಆಗ್ಲೇ ಹೇಳಿದ್ದೆ ಲಾ, ನಿಂಗೆ ಆಗಲ್ಲ ಅಂತ. ಮುಂದಿನ್ಸಲ ಸುಮ್ನೆ ಮನೇಲಿರು, ಓಕೆ?”

ಅವಳ ದನಿಯಲ್ಲಿ ಪ್ರೀತಿಯಿತ್ತು. ಅದಕ್ಕೇ ಇನ್ನೂ ಹೆಚ್ಚು ನೋವಾಯಿತು. ನಿಜ ಹೇಳೋಣವೆಂದರೆ ಕೊಟ್ಟ ಮಾತು ಅಡ್ಡ ಬಂತು. “ಭಾನುವಾರ ಬಾ, ಅಪ್ಪಾನೇ ಎಲ್ಲಾ ಹೇಳ್ತಾರೆ” ಎಂದು ಫೋನ್ ಇಟ್ಟು ಇವರ ಕಡೆ ತಿರುಗಿದೆ. ಭಾನುವಾರ ಅಶ್ವತ್ಥನಾರಾಯಣರ ಮನೆಯಲ್ಲಿ ಇವರದೇ ಸ್ಲೈಡ್ ಶೋ ಇತ್ತು. ಚಾರಣದ ಅನುಭವ, ಬ್ಯಾಗು ತುಂಬುವ ಕ್ರಮ, ಹೊಸಬರಿಗೆ ಸಲಹೆ.

“ನಾನು ಮಾತು ಕೊಟ್ಟಿದೀನಿ, ಮುರಿಯಲ್ಲ. ನೀವೇ ಹೇಳಿ. ಭಾನುವಾರ, ಎಲ್ಲಾರ ಮುಂದೆ, ಇಶಿತಾ ಮುಂದೆ. ಕುದುರೆ ಮೇಲೆ ಇದ್ದಿದ್ದು ಯಾರು ಅಂತ. ಇಲ್ದಿದ್ರೆ ಚೆನ್ನಾಗಿರಲ್ಲ.”

“ಆಯ್ತಮ್ಮ, ಹೇಳ್ತೀನಿ” ಎಂದರು ಟೀವಿ ಹಾಕುತ್ತ.

ಎಣ್ಣೆ ಬಾಟಲಿಯನ್ನು ಬಚ್ಚಲುಮನೆಯ ಕಪಾಟಿನಲ್ಲಿ ಎಸೆದಂತೆ ಇಟ್ಟೆ. ನಾನು ಅದರ ಮುಚ್ಚಳವನ್ನೂ ಮುಟ್ಟಲಿಲ್ಲ. ಭಾನುವಾರದ ಹೊತ್ತಿಗೆ ಬಾಟಲಿ ಅರ್ಧಕ್ಕಿಂತ ಕೆಳಗಿಳಿದಿತ್ತು, ನಮ್ಮ ಮಲಗುವ ಕೋಣೆ ಎಳ್ಳೆಣ್ಣೆ ಕಷಾಯದ ವಾಸನೆ ಹೊಡೆಯುತ್ತಿತ್ತು.

ಭಾನುವಾರ ಅಶ್ವತ್ಥನಾರಾಯಣರ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು. ಬಾಗಿಲಲ್ಲಿ ಕಾಲಿಟ್ಟ ತಕ್ಷಣ ರೇಣುಕಾ ನನಗೆ ದಿಂಬು ಹಾಕಿದ ಕುರ್ಚಿ ತಂದಳು. ನನ್ನ ವಯಸ್ಸಿನ ಹೆಂಗಸರೆಲ್ಲ ಚಾಪೆಯ ಮೇಲೆ ಚಕ್ಕಲಮಕ್ಕಲ ಹಾಕಿ ಕೂತಿದ್ದರು. ನಾನೊಬ್ಬಳು ಕುರ್ಚಿಯ ಮೇಲೆ, ತೇರಿನ ಉತ್ಸವಮೂರ್ತಿಯ ಹಾಗೆ. ಕಾಲಿಗೊಂದು ಸ್ಟೂಲು ಬೇರೆ. ಉಪ್ಪಿಟ್ಟಿನ ತಟ್ಟೆಯನ್ನು ನನ್ನ ಕೈಗೇ ತಂದುಕೊಟ್ಟರು. ಇಶಿತಾ ನನ್ನ ಕಾಲ ಬಳಿ ಕೂತು ಮಂಡಿಯ ಮೇಲೆ ಮೆಲ್ಲಗೆ ಕೈಯಿಟ್ಟಳು. ಗೋಡೆ ಪಕ್ಕದಲ್ಲಿ ಇವರ ಬ್ಯಾಗು. ಭಾರ ಹೇಗೆ ಜೋಡಿಸಬೇಕೆಂದು ತೋರಿಸಲು ಅಕ್ಕಿ, ಬೇಳೆ, ನೀರು ಎಲ್ಲ ತುಂಬಿ ತಂದಿದ್ದರು. ಟ್ಯಾಕ್ಸಿಯಿಂದ ಲಿಫ್ಟಿನವರೆಗೂ ಅದನ್ನು ಎಳೆದು ತಂದದ್ದು ನಾನೇ.

ಸ್ಲೈಡುಗಳು ಬಂದವು. ದೇವದಾರು, ಟೆಂಟು, ಪಾಸಿನ ಮೇಲೆ ಎಲ್ಲರ ಗುಂಪು ಫೋಟೋ. ನಾನು ಕಾಯುತ್ತಿದ್ದೆ. ಕೊನೆಗೆ ಆ ಫೋಟೋ ಬಂತು. ಬೂದು ಮಳೆಯಲ್ಲಿ ಗುಲಾಬಿ ಪಾಂಚೋ ತೊಟ್ಟು ಕುದುರೆಯ ಮೇಲೆ ಮುದುರಿ ಕೂತ ಒಂದು ಆಕಾರ. ಪಕ್ಕದಲ್ಲಿ ಹರಿದ ನೀಲಿ ಪಾಂಚೋದಲ್ಲಿ, ಹಿಂದೊಂದು ಮುಂದೊಂದು ಬ್ಯಾಗು ಹೊತ್ತು ತಲೆ ತಗ್ಗಿಸಿ ನಡೆಯುತ್ತಿರುವ ಇನ್ನೊಂದು. ಎತ್ತರದಲ್ಲಿ ನಾವಿಬ್ಬರೂ ಹೆಚ್ಚು ಕಡಿಮೆ ಒಂದೇ.

“ಇದು...” ಎಂದು ಇವರು ಗಂಟಲು ಸರಿಮಾಡಿಕೊಂಡರು. ಒಮ್ಮೆ ನನ್ನ ಕಡೆ ನೋಡಿದರು. ಹೇಳುತ್ತಾರೆ ಎಂದೇ ನಾನು ನಂಬಿದೆ.

“ವಾ ಅಪ್ಪ!” ಎಂದಳು ಇಶಿತಾ. “ಎರಡೂ ಬ್ಯಾಗ್ ನೀವೇ ಹೊತ್ಕೊಂಡ್ರಾ? ಸೋ ಸ್ವೀಟ್!” ಯಾರೋ ಚಪ್ಪಾಳೆ ತಟ್ಟಿದರು. ಹಾಲ್ ತುಂಬ ಚಪ್ಪಾಳೆ.

ಇವರ ಮುಖ ಅರಳಿತು. “ಏನ್ಮಾಡೋದು ಪುಟ್ಟಾ, ಪಾಪ, ನಿಮ್ಮಮ್ಮನ್ನ ಬೆಟ್ಟದ ಮೇಲೆ ಬಿಟ್ಟು ಬರಕ್ಕಾಗತ್ತಾ?”

ಪಾಪ ಅಂತೆ. ಪ್ರತಿ ತಿರುವಿನಲ್ಲೂ ನಿಂತವಳು ನಾನು, ಹೆಗಲ ಚರ್ಮ ಸುಲಿಸಿಕೊಂಡವಳು ನಾನು, ಬಿಟ್ಟು ಹೋಗಬೇಡ ಎಂದು ಗೋಗರೆದದ್ದು ಇವರು. ನಾನು ಅಶ್ವತ್ಥನಾರಾಯಣರ ಕಡೆ ನೋಡಿದೆ. ಅವರು ಕಾಫಿ ಲೋಟದ ತಳದಲ್ಲಿ ಏನೋ ಬಿದ್ದಿದೆಯೆಂಬಂತೆ ಅದರೊಳಗೇ ನೋಡುತ್ತಿದ್ದರು. ಒಬ್ಬ ಗಂಡಸಿನ ಮಾನ ಕಾಯಲು ಇನ್ನೊಬ್ಬ ಗಂಡಸಿಗೆ ಏನು ಶ್ರದ್ಧೆ!

ಸ್ಟೂಲನ್ನು ಕಾಲಿಂದ ತಳ್ಳಿ ಎದ್ದೆ. ಗೋಡೆ ಪಕ್ಕದ ಬ್ಯಾಗಿನ ಹತ್ತಿರ ಹೋಗಿ, ತೊಡೆಯ ಮೇಲೆ ಎತ್ತಿಕೊಂಡು, ಒಂದು ಪಟ್ಟಿಗೆ ಭುಜ ತೂರಿಸಿ ಬೆನ್ನಿಗೆ ತಿರುಗಿಸಿದೆ. ಸೊಂಟದ ಬಕಲ್ ಚಟ್ಟೆಂದು ಹಾಕಿದೆ.

“ಅರುಂಧತಿ! ಏನ್ರೀ ಇದು, ಮಂಡಿ!” ಎಂದು ರೇಣುಕಾ ಕೂಗಿದಳು.

“ಮನೆಗೆ ಹೋಗ್ತೀನಿ. ಬ್ಯಾಗ್ ತಗೊಂಡು ಹೋಗ್ತಿದೀನಿ, ಅವರಿಗೆ ಭಾರ ಆಗತ್ತೆ” ಎಂದು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಲಿಫ್ಟಿನ ಮುಂದಿನಿಂದಲೇ ಹಾದು ಮೆಟ್ಟಿಲ ಬಾಗಿಲು ತಳ್ಳಿದೆ.

ಆ ಮೆಟ್ಟಿಲು ನನಗೆ ಗೊತ್ತು, ನನ್ನ ಕಾಲಿಗೂ ಗೊತ್ತು. ಯಾವ ಮಹಡಿಯಲ್ಲಿ ಯಾರ ಸೈಕಲ್ಲು ನಿಂತಿರುತ್ತದೆ, ಎಲ್ಲಿ ಊದುಬತ್ತಿಯ ಬೂದಿ ಬಿದ್ದಿರುತ್ತದೆ, ಎಲ್ಲ ಗೊತ್ತು. ಸಿಟ್ಟಿನಲ್ಲಿ ಧಡಧಡ ಇಳಿಯಲಿಲ್ಲ. ಮಂಡಿ ಬಗ್ಗಿಸಿ, ಭಾರ ಸೊಂಟಕ್ಕೆ ಬಿಟ್ಟು, ಸದ್ದಿಲ್ಲದೆ ಇಳಿದೆ. ಮೇಲಿನಿಂದ ಇಶಿತಾ ಓಡಿಬರುವ ಸದ್ದು ಕೇಳಿತು.

“ಅಮ್ಮ! ಅಮ್ಮ, ವೇಟ್ ಲಾ! ನಿನ್ನ ಮಂಡಿ...”

“ಏನಾಗಿದೆ ನನ್ನ ಮಂಡಿಗೆ?”

ಅವಳು ಕೆಲವು ಮಹಡಿ ನನ್ನ ಹೆಜ್ಜೆ ನೋಡುತ್ತ ಹಿಂದೆ ಬಂದಳು. ಆಮೇಲೆ ಸಣ್ಣ ದನಿಯಲ್ಲಿ, “ಅಮ್ಮ, ವಾಟ್ ಹ್ಯಾಪನ್ಡ್ ಅಪ್ ದೇರ್? ನಂಗೆ ಹೇಳು” ಎಂದಳು.

“ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಕಣೇ.”

“ಯಾರಿಗೆ?”

ನಾನು ಇಳಿಯುತ್ತಲೇ ಇದ್ದೆ.

ವಾಯ್ಡ್ ಡೆಕ್ಕಿಗೆ ಬಂದಾಗ ಲಿಫ್ಟುಗಳಲ್ಲಿ ಇಳಿದವರು ಆಗಲೇ ಗುಂಪಾಗಿ ನಿಂತಿದ್ದರು. ಮುಂದೆ ಇವರು, ಮುಖ ಬಿಳುಚಿಕೊಂಡಿತ್ತು. ಇಶಿತಾ ನನ್ನ ಹಿಂದೆ ಗೋಡೆ ಹಿಡಿದು ನಿಂತು ತೊಡೆ ತಿಕ್ಕಿಕೊಳ್ಳುತ್ತಿದ್ದಳು. ಈಗ ಎಲ್ಲರಿಗೂ ಅರ್ಥವಾಗಿರುತ್ತದೆ, ಬಾಯಿ ಬಿಟ್ಟು ಹೇಳುವ ಅಗತ್ಯವೇ ಇಲ್ಲ ಎಂದುಕೊಂಡೆ. ಎಷ್ಟು ದಡ್ಡಿ ನಾನು!

“ನನ್ನ ಎಣ್ಣೆ!” ಎಂದಳು ರೇಣುಕಾ, ಎರಡೂ ಕೈ ಎದೆಗಿಟ್ಟುಕೊಂಡು. “ನೋಡಿದ್ರಾ, ಒಂದೇ ವಾರದಲ್ಲಿ! ಮಹಾನಾರಾಯಣ ತೈಲ ಅಂದ್ರೆ ಸುಮ್ನೇನಾ?”

ಜನ ಓಹೋ ಎಂದರು. ಯಾವ ಅಂಗಡಿ ಎಂದು ಯಾರೋ ಕೇಳಿದರು. ಇವರ ಮುಖಕ್ಕೆ ರಕ್ತ ಮರಳಿ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಗಳಿಗೆ ತಡಮಾಡದೆ ಅವರು ಚಪ್ಪಾಳೆ ತಟ್ಟಿ, ಗುಂಪಿನ ಕಡೆ ತಿರುಗಿ ಹೇಳಿದರು: “ದಿನಾ ರಾತ್ರಿ ನಾನೇ ಕೂತ್ಕೊಂಡು ಹಚ್ತಿದ್ದೆ ರೀ. ಸೇವೆ ಸಾರ್ಥಕ ಆಯ್ತು!”

ನನ್ನೊಳಗೆ ಸಿಟ್ಟು ಕೂಡ ಒಂದು ಕ್ಷಣ ತೆಪ್ಪಗಾಯಿತು. ಆಮೇಲೆ ತಣ್ಣಗೆ ಮರಳಿ ಬಂತು.

ಬ್ಯಾಗಿನ ಬಕಲ್ ಬಿಚ್ಚಿ ಇವರ ಮುಂದೆ ಇಳಿಸಿದೆ. ಆಮೇಲೆ ಇವರ ಕಾಲ ಬಳಿ ಸಿಮೆಂಟು ನೆಲಕ್ಕೆ ಎರಡೂ ಮಂಡಿ ಊರಿ ಕೂತೆ. ನಮಸ್ಕಾರ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಹಿಂದೆ ಯಾರೋ “ಅಯ್ಯೋ, ಪುಣ್ಯವಂತ್ರು” ಎಂದರು. ಇವರೂ ಹಾಗೇ ಅಂದುಕೊಂಡು, ಆಶೀರ್ವಾದಕ್ಕೆ ಕೈ ಎತ್ತಿಯೇಬಿಟ್ಟರು. ನಾನು ಇವರ ಎಡಗಾಲಿನ ಪ್ಯಾಂಟಿನ ಅಂಚು ಹಿಡಿದು, ಒಂದು ಸುತ್ತು, ಎರಡು ಸುತ್ತು, ಮಂಡಿಯ ಮೇಲಿನವರೆಗೂ ಮಡಿಸಿದೆ. ಬಲಗಾಲಿನದ್ದೂ ಮಡಿಸಿದೆ.

ಎರಡು ನೀ-ಕ್ಯಾಪು. ಅದರ ಸುತ್ತ ಊದಿದ ಕಾಲು, ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. ಮಹಾನಾರಾಯಣ ತೈಲದ ವಾಸನೆ ವಾಯ್ಡ್ ಡೆಕ್ಕಿನ ತುಂಬ ಹರಡಿತು. ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ರೇಣುಕಾ ಮೂಗಿಗೆ ವಾಸನೆ ತಾಗಿ ಅವಳ ಬಾಯಿ ಅರ್ಧ ತೆರೆದುಕೊಂಡಿತು. ಅವಳು ನಿಧಾನವಾಗಿ ತನ್ನ ಗಂಡನ ಕಡೆ ತಿರುಗಿದಳು.

“ನಿಮಗೆ ಗೊತ್ತಿತ್ತೇನ್ರೀ?”

ಅಶ್ವತ್ಥನಾರಾಯಣರಿಗೆ ಈಗ ನೋಡಿಕೊಳ್ಳಲು ಕಾಫಿ ಲೋಟವೂ ಇರಲಿಲ್ಲ.

ನಾನು ಕೈ ಊರದೆ ಎದ್ದು ನಿಂತೆ. ಇವರು ಹಲ್ಲು ಕಚ್ಚಿ, ನನಗೆ ಮಾತ್ರ ಕೇಳುವಂತೆ ಹೇಳಿದರು: “ಮಾತು ಕೊಟ್ಟಿದ್ದೆ ನೀನು.”

“ಉಳಿಸ್ಕೊಂಡಿದೀನಲ್ಲ” ಎಂದೆ, ಎಲ್ಲರಿಗೂ ಕೇಳುವಂತೆ. “ಒಂದಕ್ಷರ ಹೇಳಿದೀನಾ ನಾನು?”

ಬಸ್‌ಸ್ಟಾಪಿನ ಕಡೆ ಹೊರಟೆ. ಹತ್ತು ಹೆಜ್ಜೆ ಹೋಗಿರಬಹುದು, ಹಿಂದಿನಿಂದ ಕೂಗು ಬಂತು. “ಅರು, ನಿಲ್ಲು!” ಬೆಟ್ಟದಲ್ಲಿ ಕೂಗಿದ್ದ ಅದೇ ದನಿ. ತಿರುಗಿ ನೋಡಿದೆ. ಮಡಿಸಿದ ಪ್ಯಾಂಟಿನಲ್ಲಿ ಇವರು ಬ್ಯಾಗಿನ ಮೇಲೆ ಬಗ್ಗಲು ನೋಡುತ್ತಿದ್ದರು, ಮಂಡಿ ಬಗ್ಗುತ್ತಿರಲಿಲ್ಲ. ಇಶಿತಾ ಅಪ್ಪನ ಬಳಿಗೆ ಹೋಗಿ ಬ್ಯಾಗಿನ ಪಟ್ಟಿಗೆ ಕೈ ಹಾಕಿದ್ದಳು.

“ಬಿಡು ಇಶಿತಾ” ಎಂದೆ. “ಅದು ಅಪ್ಪನ ಬ್ಯಾಗು.”

ಅವಳು ಅಪ್ಪನ ಮಂಡಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಪಟ್ಟಿಯನ್ನು ಬಿಟ್ಟು, ಬಿಗಿದ ತೊಡೆಗಳ ಮೇಲೆ ಕುಂಟುತ್ತ ನನ್ನ ಕಡೆ ನಡೆದು ಬಂದಳು.